ಯುದ್ಧವಿರೋಧಿ ಫಲಕ ಬರೆಯುವ ಮುನ್ನ: ಯಹೂದಿ ದ್ವೇಷ ಅಳೆಯುವ ನಾಲ್ಕು ಮಾಪಕಗಳ ವಿಮರ್ಶೆ

"ಯಹೂದಿಗಳೇ, ಗಾಜಾ ಬಿಟ್ಟು ತೊಲಗಿ." "ಇಸ್ರೇಲ್ ಸರ್ಕಾರವೇ, ಗಾಜಾ ಮೇಲಿನ ದಾಳಿ ನಿಲ್ಲಿಸು." ಎರಡೂ ಒಂದೇ ಸಿಟ್ಟಿನಿಂದ ಬರುವ ಸಾಲುಗಳು. ಮಡಿಕೇರಿಯ ಸಂತೆಗೆ ಬಂದವರು ಎರಡಕ್ಕೂ ಒಂದೇ ಅರ್ಥ ಮಾಡಿಕೊಂಡು ಮುಂದೆ ಹೋದಾರು. ಆದರೆ ಮೊದಲ ಸಾಲಿನಲ್ಲಿ ಬೆರಳು ತೋರಿಸಿದ್ದು ಜಗತ್ತಿನ ಒಂದಿಡೀ ಸಮುದಾಯದ ಕಡೆಗೆ, ಎರಡನೆಯದರಲ್ಲಿ ಒಂದು ಸರ್ಕಾರ ಮಾಡುತ್ತಿರುವ ಒಂದು ಕೆಲಸದ ಕಡೆಗೆ. ಫಲಕ ಬರೆಯುವವರಿಗೆ ಈ ವ್ಯತ್ಯಾಸ ಕೈಗೆ ಹತ್ತಿರಬೇಕು.

ಇದನ್ನು ಅಳೆಯಲು ನಾಲ್ಕು ಮಾಪಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಹತ್ತಿಪ್ಪತ್ತು ಜನ ರಸ್ತೆ ಬದಿಯಲ್ಲಿ ಮೌನವಾಗಿ ನಿಲ್ಲುವ ಕಾರ್ಯಕ್ರಮಕ್ಕೆ ಯಾವುದು ಒದಗುತ್ತದೆ, ಯಾವುದು ಕೈಕೊಡುತ್ತದೆ ಎಂದು ಇಲ್ಲಿ ನೋಡಿದೆ. ಕಾಫಿ ಮಾರುವವರಿಗೆ ತೇವಾಂಶ ಮೀಟರಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೀಟರ್ ಹೆಚ್ಚು ತೋರಿಸಿದರೆ ಚೆನ್ನಾಗಿ ಒಣಗಿದ ಚೆರಿಗೂ ಬೆಲೆ ಇಳಿಯುತ್ತದೆ. ಕಡಿಮೆ ತೋರಿಸಿದರೆ ಹಸಿ ಬೀಜ ಗೋದಾಮು ಸೇರಿ ಬೂಷ್ಟು ಹಿಡಿಯುತ್ತದೆ. ಈ ಮಾಪಕಗಳ ಕಥೆಯೂ ಹಾಗೆಯೇ. ಒಂದು ಕಡೆ ತಪ್ಪಿದರೆ ನ್ಯಾಯವಾದ ಟೀಕೆಗೆ ಬಾಯಿ ಕಟ್ಟುತ್ತದೆ, ಇನ್ನೊಂದು ಕಡೆ ತಪ್ಪಿದರೆ ಜನಾಂಗ ದ್ವೇಷ ಶಾಂತಿಯ ಬ್ಯಾನರಿನಡಿ ನುಸುಳುತ್ತದೆ.

ಹೆಚ್ಚು ಹೆಸರಾಗಿರುವುದು ಇಂಟರ್‌ನ್ಯಾಷನಲ್ ಹೋಲೊಕಾಸ್ಟ್ ರಿಮೆಂಬ್ರೆನ್ಸ್ ಅಲೈಯನ್ಸ್ (ಹೋಲೊಕಾಸ್ಟ್ ಎಂದರೆ ನಾಜಿಗಳು ನಡೆಸಿದ ಯಹೂದಿ ನರಮೇಧ) ಎಂಬ ಅಂತರಸರ್ಕಾರಿ ಸಂಸ್ಥೆ 2016ರ ಮೇ 26ರಂದು ಒಪ್ಪಿಕೊಂಡ ವ್ಯಾಖ್ಯೆ. ಮೂಲ ವ್ಯಾಖ್ಯೆ ಎರಡೇ ವಾಕ್ಯ, ಅದರ ಕೆಳಗೆ 11 ಉದಾಹರಣೆಗಳು. ಯಹೂದಿ ದ್ವೇಷವೆಂದರೆ ಯಹೂದಿಗಳ ಕುರಿತ "ಒಂದು ಬಗೆಯ ಗ್ರಹಿಕೆ" ಎಂದು ಆರಂಭವಾಗುತ್ತದೆ. ಯಾವ ಬಗೆಯದು ಎಂದು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ತೂಕವೆಲ್ಲ ಉದಾಹರಣೆಗಳ ಮೇಲೆ ಬೀಳುತ್ತದೆ, ಅವುಗಳಲ್ಲಿ 7 ಇಸ್ರೇಲಿಗೆ ಸಂಬಂಧಿಸಿದವು. ಕೆಲವು ನಿಜಕ್ಕೂ ಬೇಕಾದವು: ಇಸ್ರೇಲ್ ಮಾಡಿದ್ದಕ್ಕೆ ಎಲ್ಲ ಯಹೂದಿಗಳನ್ನು ಹೊಣೆ ಮಾಡುವುದು, ಯಹೂದಿಗಳು ಮಕ್ಕಳ ರಕ್ತ ಬಳಸುತ್ತಾರೆಂಬ ಹಳೆಯ ಸುಳ್ಳು ಆಪಾದನೆಯ ಚಿತ್ರಗಳನ್ನು ಇಸ್ರೇಲಿಗೆ ಅಂಟಿಸುವುದು. ಆದರೆ ಇಸ್ರೇಲ್ ರಾಷ್ಟ್ರದ ಅಸ್ತಿತ್ವವೇ ಜನಾಂಗೀಯವಾದ ಕೆಲಸ ಎಂಬ ಮಾತನ್ನೂ, ಈಗಿನ ಇಸ್ರೇಲ್ ನೀತಿಯನ್ನು ನಾಜಿಗಳದ್ದಕ್ಕೆ ಹೋಲಿಸುವುದನ್ನೂ ಅದೇ ಪಟ್ಟಿಗೆ ಸೇರಿಸಿದ್ದು ರಾಜಕೀಯ ವಾದವನ್ನೂ ದ್ವೇಷವನ್ನೂ ಒಂದೇ ಚೀಲಕ್ಕೆ ತುಂಬಿದ ಹಾಗಾಯಿತು.

ಇದನ್ನು ಬೈಯುವವರೂ ಹೊಗಳುವವರೂ ಬಿಟ್ಟುಬಿಡುವ ಭಾಗಗಳು ಮೂರಿವೆ. ಇದು ಕಾನೂನಿನ ಬಲವಿಲ್ಲದ ವ್ಯಾಖ್ಯೆ ಎಂದು ಅದೇ ಹೇಳಿಕೊಂಡಿದೆ. ಉದಾಹರಣೆಗಳು ಒಟ್ಟು ಸಂದರ್ಭ ನೋಡಿ ಅನ್ವಯವಾಗಬಹುದು ಎಂದಿದೆ, ಆಗುತ್ತವೆ ಎಂದಿಲ್ಲ. ಬೇರೆ ಯಾವುದೇ ದೇಶವನ್ನು ಟೀಕಿಸುವಂಥ ಟೀಕೆಯನ್ನು ಇಸ್ರೇಲ್ ಮೇಲೆ ಮಾಡಿದರೆ ಅದು ಯಹೂದಿ ದ್ವೇಷವಲ್ಲ ಎಂದೂ ಸ್ಪಷ್ಟವಾಗಿ ಬರೆದಿದೆ. ಇದರ ಹಿಂದಿನ ರೂಪವಾದ 2005ರ ಕರಡನ್ನು ಬರೆಯುವುದರಲ್ಲಿ ಮುಂದಿದ್ದ ಅಮೆರಿಕದ ಕೆನೆತ್ ಸ್ಟರ್ನ್ ಅವರೇ, ವಿಶ್ವವಿದ್ಯಾಲಯಗಳಲ್ಲಿ ಮಾತು ಹತ್ತಿಕ್ಕಲು ಇದನ್ನು ಬಳಸಬಾರದೆಂದು ಮತ್ತೆ ಮತ್ತೆ ಹೇಳಿದ್ದಾರೆ. ಅಂಕಿಅಂಶ ಸಂಗ್ರಹಿಸಲು ಮಾಡಿದ ಸಲಕರಣೆ ಅದು. ಫಲಕ ಬರೆಯುವ ಮೇಜಿಗೆ ಐದರಲ್ಲಿ ಎರಡು ಅಂಕ.

2021ರ ಮಾರ್ಚ್ 25ರಂದು ಹೊರಬಂದ ಜೆರುಸಲೇಂ ಘೋಷಣೆ ಬೇರೆಯೇ ದರ್ಜೆಯದು. ಯಹೂದಿ ಇತಿಹಾಸ, ಹೋಲೊಕಾಸ್ಟ್, ಪಶ್ಚಿಮ ಏಷ್ಯಾ ಅಧ್ಯಯನ ಮಾಡುವ ಸುಮಾರು 200 ವಿದ್ವಾಂಸರು ಆರಂಭದಲ್ಲೇ ಸಹಿ ಹಾಕಿದ್ದರು. ವ್ಯಾಖ್ಯೆ ಒಂದೇ ವಾಕ್ಯ. ಕನ್ನಡದಲ್ಲಿ ಹೀಗೆ ಹೇಳಬಹುದು: ಯಹೂದಿಗಳು ಎಂಬ ಕಾರಣಕ್ಕೇ ಯಹೂದಿಗಳ ಮೇಲೆ, ಅಥವಾ ಯಹೂದಿ ಸಂಸ್ಥೆಗಳು ಎಂಬ ಕಾರಣಕ್ಕೇ ಆ ಸಂಸ್ಥೆಗಳ ಮೇಲೆ ತೋರಿಸುವ ತಾರತಮ್ಯ, ಪೂರ್ವಗ್ರಹ, ಹಗೆತನ ಅಥವಾ ಹಿಂಸೆ. "ಎಂಬ ಕಾರಣಕ್ಕೇ" ಎಂಬುದರಲ್ಲಿ ಎಲ್ಲವೂ ಇದೆ. ಕಡೆಯ ಏತ್ವವನ್ನು ಅನುವಾದದಲ್ಲಿ ಬಿಡಬಾರದು, ಬಿಟ್ಟರೆ ವ್ಯಾಖ್ಯೆ ಸಡಿಲವಾಗುತ್ತದೆ.

ಇದರ ಅಡಿಯಲ್ಲಿ 15 ಮಾರ್ಗಸೂಚಿಗಳಿವೆ. 1ರಿಂದ 5 ಸಾಮಾನ್ಯ ವಿಚಾರ. 6ರಿಂದ 10 ಮೇಲ್ನೋಟಕ್ಕೇ ಯಹೂದಿ ದ್ವೇಷ ಎನ್ನಬಹುದಾದವು. 11ರಿಂದ 15 ಮೇಲ್ನೋಟಕ್ಕೆ ದ್ವೇಷ ಎನ್ನಲಾಗದವು: ಪ್ಯಾಲೆಸ್ಟೀನಿಯರ ನ್ಯಾಯದ ಬೇಡಿಕೆಗೆ ಬೆಂಬಲ, ಝಿಯೋನಿಸಂ ಅನ್ನು (ಯಹೂದಿಗಳಿಗೆ ತಮ್ಮದೇ ರಾಷ್ಟ್ರ ಬೇಕೆಂಬ ಚಳವಳಿಯನ್ನು) ಒಂದು ರಾಷ್ಟ್ರೀಯತೆಯಾಗಿ ವಿರೋಧಿಸುವುದು, ಸಾಕ್ಷ್ಯ ಸಹಿತ ಟೀಕೆ, ಬಹಿಷ್ಕಾರದಂಥ ಅಹಿಂಸಾತ್ಮಕ ಪ್ರತಿಭಟನೆ. ಟೀಕೆ ಹದವಾಗಿಯೇ ಇರಬೇಕೆಂದಿಲ್ಲ ಎಂದು 15ನೆಯದು ಹೇಳುತ್ತದೆ. ಆದರೂ ರಸ್ತೆಗೆ ಇಳಿಯುವಾಗ ನನ್ನ ಒಲವು ಹದದ ಕಡೆಗೇ.

6ರಿಂದ 10ರವರೆಗಿನ ಭಾಗವನ್ನು ಇಲ್ಲಿನವರಿಗೆ ಇಲ್ಲಿನದೇ ಉದಾಹರಣೆ ಕೊಟ್ಟು ಹೇಳಬೇಕು. ಕಾಫಿ ತೋಟಕ್ಕೆ ಅಸ್ಸಾಮಿನಿಂದ ಕೆಲಸಕ್ಕೆ ಬಂದವರನ್ನು ಮುಖ, ಭಾಷೆ ನೋಡಿ "ಬಾಂಗ್ಲಾದವರು" ಎಂದು ಬದಿಗೆ ಸರಿಸುವುದನ್ನು ಕಂಡವರಿಗೆ 7ನೆಯದು ಕೂಡಲೇ ಅರ್ಥವಾಗುತ್ತದೆ: ಯಹೂದಿ ಎಂಬ ಮಾತ್ರಕ್ಕೆ ಒಬ್ಬರನ್ನು ಇಸ್ರೇಲಿನ ಏಜೆಂಟ್ ಎಂದು ಕಾಣುವುದು. ನೆರೆಯ ದೇಶವನ್ನು ಮೊದಲು ಬೈದು ತೋರಿಸು, ಆಮೇಲೆ ಮಾತಾಡು ಎಂದು ಒಬ್ಬ ಮುಸ್ಲಿಮರನ್ನು ಪೀಡಿಸುವುದು ಎಷ್ಟು ತಪ್ಪೋ, ಯಹೂದಿ ಪ್ರವಾಸಿಯನ್ನು ತಡೆದು ಇಸ್ರೇಲನ್ನು ಖಂಡಿಸು ಎನ್ನುವುದೂ ಅಷ್ಟೇ ತಪ್ಪು. ಅದು 8ನೆಯದು. ಕುಶಾಲನಗರದ ಪಕ್ಕದ ಬೈಲಕುಪ್ಪೆಯ ಟಿಬೆಟನ್ನರು 1959ರ ದಂಗೆಯ ನೆನಪಿಗೆ ಮಾರ್ಚ್ 10ನ್ನು ಆಚರಿಸುತ್ತಾರೆ. ಅಲ್ಲಿ ಬೇಡಿಕೆ ಇರುವುದು ಬೀಜಿಂಗ್ ಸರ್ಕಾರದ ಮುಂದೆ. ನಾವು ಬರೆದ ವಾಕ್ಯದಲ್ಲಿ ಇಸ್ರೇಲ್ ಇರುವಲ್ಲಿ ಚೀನಾ, ಯಹೂದಿ ಇರುವಲ್ಲಿ ಚೀನೀಯ ಎಂದು ಹಾಕಿ ಓದಿ ನೋಡಿ. ಎಲ್ಲಿ ಮುಜುಗರವಾಗುತ್ತದೋ ಅಲ್ಲಿ ತಿದ್ದಬೇಕು.

6ನೆಯದರ ಬಳಿ ಸ್ವಲ್ಪ ನಿಲ್ಲಬೇಕು: ಯಹೂದಿ ದ್ವೇಷದ ಹಳೆಯ ಚಿತ್ರ, ಸಂಕೇತಗಳನ್ನು ಇಸ್ರೇಲಿಗೆ ಅಂಟಿಸುವುದು. ಕೊಡಗಿನಲ್ಲಿ ಎಡವುವುದು ಬಹುಶಃ ಅಲ್ಲಿಯೇ. ಮಡಿಕೇರಿ ದಸರೆಯ ದಶಮಂಟಪಗಳಲ್ಲಿ ಅಸುರ ಸಂಹಾರ ನೋಡುತ್ತ ಬೆಳೆದ ಕೈಗೆ ಕೆಟ್ಟ ಆಡಳಿತಗಾರ ಎಂದರೆ ಕೋರೆಹಲ್ಲು, ರಕ್ತ ಸುರಿಯುವ ನಾಲಿಗೆ. ನಮ್ಮಲ್ಲಿ ಅದು ಯಾವ ಜಾತಿಯನ್ನೂ ಹಳಿಯುವ ಚಿತ್ರವಲ್ಲ. ಯುರೋಪಿನಲ್ಲಿ ಹಾಗಲ್ಲ. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ವಿಲಿಯಂ ಎಂಬ ಹುಡುಗ ಸತ್ತಾಗ, ಅವನನ್ನು ಯಹೂದಿಗಳು ತಮ್ಮ ಆಚರಣೆಗಾಗಿ ಕೊಂದರೆಂಬ ಸುಳ್ಳು ಹುಟ್ಟಿತು. ಮುಂದೆ ಯಹೂದಿಗಳು ಕ್ರೈಸ್ತ ಮಕ್ಕಳ ರಕ್ತ ಬಳಸುತ್ತಾರೆಂಬ ರೂಪ ತಾಳಿ ಶತಮಾನಗಳ ಕಾಲ ಹತ್ಯಾಕಾಂಡಗಳಿಗೆ ನೆಪವಾಯಿತು. ಹಾಗಾಗಿ ಇಸ್ರೇಲ್ ಪ್ರಧಾನಿಯನ್ನು ಮಗುವಿನ ರಕ್ತ ಕುಡಿಯುವ ಅಸುರನಾಗಿ ಬರೆದ ಚಿತ್ರದ ಫೋಟೋ ವಾಟ್ಸಾಪಿನಲ್ಲಿ ಘಟ್ಟ ಇಳಿದು ಹೋದಾಗ, ಬರೆದವರ ಮನಸ್ಸಿನಲ್ಲಿ ಇಲ್ಲದ ಅರ್ಥ ಅದಕ್ಕೆ ಅಂಟಿಕೊಳ್ಳುತ್ತದೆ. ಬೊಂಬೆಯಾಟದ ದಾರ ಹಿಡಿದ ಕೈ, ಭೂಗೋಳವನ್ನು ಸುತ್ತಿದ ಆಕ್ಟೋಪಸ್, ಹಣದ ಥೈಲಿ, ಕೊಕ್ಕಿನಂಥ ಮೂಗು ಇವೂ ಬೇಡ. ಯಹೂದಿಗಳು ಜಗತ್ತನ್ನೇ ಆಳಲು ಹೊಂಚು ಹಾಕಿದ್ದಾರೆಂಬ ಕಥೆಯನ್ನು ಹಬ್ಬಿಸಿದ್ದು 1903ರಲ್ಲಿ ರಷ್ಯಾದಲ್ಲಿ ಅಚ್ಚಾದ ಒಂದು ಖೋಟಾ ದಾಖಲೆ. ಅದು ಖೋಟಾ ಎಂದು 1921ರಲ್ಲೇ ಲಂಡನ್ನಿನ ಪತ್ರಿಕೆಯೊಂದು ತೋರಿಸಿಕೊಟ್ಟಿತ್ತು. ಚಿತ್ರ ಬೇಕೆಂದರೆ ಒಡೆದ ಮನೆ, ಖಾಲಿ ತಟ್ಟೆ, ಮುಚ್ಚಿದ ಗೇಟಿನ ಹಿಂದೆ ನಿಂತ ಆಂಬುಲೆನ್ಸ್ ಬರೆಯಿರಿ. ಏನು ನಡೆಯುತ್ತಿದೆ ಎಂಬುದನ್ನು ಅವು ಅಸುರನಿಗಿಂತ ನೇರವಾಗಿ ಹೇಳುತ್ತವೆ.

ಘೋಷಣೆಯ ಕೊರತೆ 12ನೆಯ ಅಂಶದಲ್ಲಿದೆ. ಝಿಯೋನಿಸಂ ವಿರೋಧ ತನ್ನಷ್ಟಕ್ಕೆ ದ್ವೇಷವಲ್ಲ, ಸರಿ. ಆದರೆ "ಝಿಯೋನಿಸ್ಟ್" ಎಂಬ ಪದವನ್ನು "ಯಹೂದಿ" ಎಂಬುದಕ್ಕೆ ಮುಖವಾಡವಾಗಿ ಬಳಸುವವರೂ ಇದ್ದಾರೆ. ಸಂದರ್ಭ ನೋಡಿ ಎಂಬ ಎಚ್ಚರಿಕೆ ಘೋಷಣೆಯ ಪೀಠಿಕೆಯಲ್ಲಿ ಇದೆ, ಆದರೆ ಅವಸರದಲ್ಲಿ ಓದುವವರ ಕಣ್ಣಿಗೆ ಬೀಳುವುದಿಲ್ಲ. ಕನ್ನಡದ ಫಲಕಕ್ಕೆ ಆ ಪದವೇ ಬೇಡ ಎಂಬುದು ನನ್ನ ಅಭಿಪ್ರಾಯ: ಸಂತೆಯಲ್ಲಿ ಅದು ಯಾರಿಗೂ ತಿಳಿಯದು, ತಿಳಿದವರಿಗೆ ಅನುಮಾನ. ಇಷ್ಟಾದರೂ ಐದರಲ್ಲಿ ನಾಲ್ಕೂವರೆ.

ಮೂರನೆಯ ಮಾಪಕ, ಇಸ್ರೇಲಿನ ರಾಜಕಾರಣಿ ನತಾನ್ ಶರಾನ್ಸ್ಕಿ ಅವರ ಮೂರು ಅಂಶಗಳ ಪರೀಕ್ಷೆ, ನೆನಪಿಡಲು ಸುಲಭ: ರಾಕ್ಷಸನಂತೆ ಚಿತ್ರಿಸುವುದು, ಇಬ್ಬಗೆಯ ಮಾನದಂಡ, ಅಸ್ತಿತ್ವದ ಹಕ್ಕನ್ನೇ ನಿರಾಕರಿಸುವುದು. ಮೊದಲನೆಯದು ಕೆಲಸಕ್ಕೆ ಬರುತ್ತದೆ. ಎರಡನೆಯದು ರಸ್ತೆಯಲ್ಲಿ ಮುರಿದುಬೀಳುತ್ತದೆ. "ಎಂತಕ್ಕೆ ಬರೀ ಗಾಜಾಕ್ಕೆ ನಿಲ್ಲೋದು? ಸುಡಾನಿಗೆ ಎಂತಕ್ಕೆ ಇಲ್ಲ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸುಡಾನಿನ ಯುದ್ಧ 2023ರ ಏಪ್ರಿಲ್‌ನಿಂದ ನಡೆಯುತ್ತಿದೆ, ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದು ಸಲಕ್ಕೆ ಒಂದು ಯುದ್ಧದ ವಿರುದ್ಧ ನಿಂತವರ ಮನಸ್ಸಿನಲ್ಲಿ ದ್ವೇಷವಿದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಈ ಒಂದು ಗಂಟನ್ನು ಚೆನ್ನಾಗಿ ಬಿಡಿಸಿರುವುದು ನಾಲ್ಕನೆಯ ಮಾಪಕವಾದ ಅಮೆರಿಕದ ನೆಕ್ಸಸ್ ದಾಖಲೆ: ಇಸ್ರೇಲಿಗೆ ಹೆಚ್ಚಿನ ಗಮನ ಕೊಡುವುದು ಮೇಲ್ನೋಟಕ್ಕೆ ಯಹೂದಿ ದ್ವೇಷದ ಪುರಾವೆಯಲ್ಲ ಎನ್ನುತ್ತದೆ. ಆ ಸಾಲಿಗಾಗಿ ಅದನ್ನು ಜೊತೆಗೆ ಇಟ್ಟುಕೊಳ್ಳಬಹುದು. ಉಳಿದದ್ದು ಅಮೆರಿಕದ ರಾಜಕೀಯಕ್ಕೆ ಹೊಂದಿಸಿ ಬರೆದದ್ದು. ಉತ್ತರ ಕೊಡುವುದಕ್ಕಿಂತ ಸುಡಾನಿನ ಫಲಕವನ್ನೂ ಒಂದು ಬರೆದು ತರುವುದು ಮೇಲು.

ಮಾಪಕ ಆಯ್ದುಕೊಂಡ ಮೇಲೂ ಕನ್ನಡದ್ದೇ ಆದ ತೊಡಕುಗಳು ಉಳಿಯುತ್ತವೆ. "ಇಸ್ರೇಲಿಗರು" ಎಂದು ಬರೆದ ಕಡೆಯೆಲ್ಲ "ಇಸ್ರೇಲ್ ಸರ್ಕಾರ" ಅಥವಾ "ಇಸ್ರೇಲ್ ಸೇನೆ" ಸರಿಹೊಂದುತ್ತದೆಯೇ ನೋಡಿ, ಬಹುಪಾಲು ಹೊಂದುತ್ತದೆ. "ಯಹೂದಿ ಸೇನೆ" ಎಂಬುದು ತಪ್ಪೇ. ಇಸ್ರೇಲ್ ಸೇನೆಯಲ್ಲಿ ಯಹೂದಿಗಳಲ್ಲದ ಡ್ರೂಜ್ ಸಮುದಾಯದವರೂ ಇದ್ದಾರೆ. ಜಿಪುಣನಿಗೆ, ಬಡ್ಡಿ ವ್ಯಾಪಾರಿಗೆ "ಶೈಲಾಕ್" ಎನ್ನುವ ಅಭ್ಯಾಸ ಓದಿದವರ ಬಾಯಲ್ಲಿದೆ, ಅದು ಶೇಕ್ಸ್‌ಪಿಯರ್ ನಾಟಕದ ಯಹೂದಿ ಪಾತ್ರದ ಹೆಸರು. ಎಲ್ಲಕ್ಕಿಂತ ಕೆಟ್ಟದ್ದು, ಯುದ್ಧದ ಸುದ್ದಿಯ ಕೆಳಗೆ "ಹಿಟ್ಲರ್ ಮಾಡಿದ್ದೇ ಸರಿ" ಎಂದು ಬರೆಯುವುದು. 60 ಲಕ್ಷ ಯಹೂದಿಗಳ ಕೊಲೆಯನ್ನು ಮೆಚ್ಚುವ ವಾಕ್ಯ ಅದು. ಅಂಥ ಮಾತಾಡುವವರು ಗುಂಪಿನಲ್ಲಿದ್ದರೆ ಕಾರ್ಯಕ್ರಮಕ್ಕೆ ಮೊದಲೇ ಕೂತು ಮಾತಾಡಬೇಕು, ಕೇಳದಿದ್ದರೆ ಕರೆಯಬಾರದು.

ಸಂಖ್ಯೆ ಬರೆದರೆ ಯಾರ ಲೆಕ್ಕ, ಯಾವ ದಿನಾಂಕ ಎಂಬುದೂ ಅದೇ ಫಲಕದಲ್ಲಿರಲಿ. 2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 251 ಜನರನ್ನು ಒತ್ತೆ ಒಯ್ದರು. ಆ ನಂತರ ಗಾಜಾದಲ್ಲಿ ಹತ್ತಾರು ಸಾವಿರ ಪ್ಯಾಲೆಸ್ಟೀನಿಯರು ಸತ್ತರು. ಮೊದಲನೆಯದನ್ನು ಹೇಳಿದರೆ ಎರಡನೆಯದರ ಭಾರ ಕಡಿಮೆಯಾಗುತ್ತದೆ ಎಂಬ ಅಂಜಿಕೆ ಬೇಡ. ನಾಗರಿಕರ ಕೊಲೆಯನ್ನು ಎರಡೂ ಕಡೆ ಕೊಲೆ ಎಂದೇ ಕರೆಯುವ ಫಲಕವನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾರರು.

ಮನೆಮನೆಯಲ್ಲೂ ಸೈನಿಕರಿರುವ ನಾಡಿನಲ್ಲಿ ಯುದ್ಧ ಬೇಡ ಎಂದರೆ ಯೋಧರಿಗೆ ಅವಮಾನ ಎಂದು ಕೆಲವರು ಬಗೆಯುತ್ತಾರೆ. ಆಗ ಮಡಿಕೇರಿಯ ಸನ್ನಿ ಸೈಡ್ ಮನೆಯನ್ನು ತೋರಿಸಬಹುದು, ಈಗ ಅದು ಜನರಲ್ ತಿಮ್ಮಯ್ಯನವರ ವಸ್ತುಸಂಗ್ರಹಾಲಯ. ಕೊರಿಯಾ ಯುದ್ಧದ ಕೈದಿಗಳ ವಿಚಾರಕ್ಕಾಗಿ 1953ರಲ್ಲಿ ಮಾಡಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. 1965ರ ಡಿಸೆಂಬರಿನಲ್ಲಿ ತೀರಿಕೊಂಡದ್ದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಸೇನಾಪತಿಯಾಗಿದ್ದಾಗ. ಗಾಜಾದಲ್ಲೂ 1956ರಿಂದ 1967ರವರೆಗೆ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರಿದ್ದರು, 1967ರ ಯುದ್ಧದಲ್ಲಿ ಕೆಲವರು ಅಲ್ಲೇ ಪ್ರಾಣ ಕಳೆದುಕೊಂಡರು. 1971ರ ಯುದ್ಧದಲ್ಲಿ ಪೂರ್ವ ಕಮಾಂಡಿನ ಮುಖ್ಯ ಸಿಬ್ಬಂದಿ ಅಧಿಕಾರಿಯಾಗಿದ್ದ ಜೆ.ಎಫ್.ಆರ್. ಜೇಕಬ್ ಅವರು ಯಹೂದಿ ಎಂಬುದು ನಿವೃತ್ತ ಸೈನಿಕರಿಗೆಲ್ಲ ಗೊತ್ತು. ಮಾಕುಟ್ಟ ಘಾಟಿ ಇಳಿದು ಕೇರಳ ಹೊಕ್ಕರೆ ಕೊಚ್ಚಿಯಲ್ಲಿ 1568ರ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಇದೆ. ಯಹೂದಿ ಎಂದರೆ ನಮ್ಮವರೂ ಹೌದು.

ನಿಲ್ಲುವ ಕ್ರಮಕ್ಕೆ ಒಳ್ಳೆಯ ಮಾದರಿಯೂ ಜೆರುಸಲೇಮಿನದೇ. 1988ರಿಂದ ಅಲ್ಲಿನ ಯಹೂದಿ ಹೆಂಗಸರು ಕಪ್ಪು ಬಟ್ಟೆ ತೊಟ್ಟು ಶುಕ್ರವಾರ ಒಂದು ಗಂಟೆ ಮೌನವಾಗಿ, ಪ್ಯಾಲೆಸ್ಟೀನಿಯರ ನೆಲದ ಮೇಲಿನ ಸ್ವಾಧೀನ ನಿಲ್ಲಿಸಿ ಎಂಬರ್ಥದ ಫಲಕ ಹಿಡಿದು ನಿಂತರು. ಮೌನಕ್ಕೆ ಮೈಕ್ ಬೇಡ, ಮೈಕಿನ ಅನುಮತಿಯೂ ಬೇಡ. ಪೊಲೀಸ್ ಠಾಣೆಗೆ ಮಾತ್ರ ಸ್ಥಳ, ವೇಳೆ, ಅಂದಾಜು ಜನಸಂಖ್ಯೆ ಬರೆದು ಮುಂಚಿತವಾಗಿ ಅರ್ಜಿ ಕೊಟ್ಟು ಅನುಮತಿ ಕೇಳಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆ ದಿನ ನಿಷೇಧಾಜ್ಞೆ ಇದೆಯೇ ಎಂದೂ ವಿಚಾರಿಸಿ. ಸಮುದಾಯಗಳ ನಡುವೆ ದ್ವೇಷ ಬಿತ್ತುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಇದೆ. ಮೊದಲು ಹೇಳಿದ ಎರಡು ಸಾಲುಗಳಲ್ಲಿ ಯಾವುದು ಆ ಕಲಂನ ಹತ್ತಿರ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಫಲಕಕ್ಕೆ 2 ಅಡಿ ಅಗಲ, 3 ಅಡಿ ಉದ್ದದ ಸನ್‌ಬೋರ್ಡ್ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟು ತರಬೇಡಿ. ಮಂಜಿಗೇ ಮೆತ್ತಗಾಗುತ್ತದೆ, ಮಾರ್ಕರ್ ಮಸಿ ಇಳಿದುಹೋಗುತ್ತದೆ. ಎನಾಮಲ್ ಬಣ್ಣ ನಿಲ್ಲುತ್ತದೆ. ರಸ್ತೆಯ ಆಚೆಯಿಂದ ಓದಲು ಅಕ್ಷರ ಮೂರು ನಾಲ್ಕು ಅಂಗುಲ ಇರಬೇಕು, ಒಂದು ಫಲಕಕ್ಕೆ ಆರೇಳು ಪದ. "ಯುದ್ಧ" ಎಂಬ ಪದದ ಒತ್ತಕ್ಷರ ದಪ್ಪ ಬ್ರಷ್ಷಿನಲ್ಲಿ ಮುದ್ದೆಯಾಗಿ ಬೊಟ್ಟಿನಂತೆ ಕಾಣುತ್ತದೆ, ಅದರ ಕೆಳಗೆ ಅರ್ಧ ಸಾಲು ಜಾಗ ಬಿಟ್ಟು ಸಣ್ಣ ಬ್ರಷ್ಷಿನಲ್ಲಿ ಬರೆಯಿರಿ. ಕೋಲು ಕಟ್ಟುವುದಕ್ಕಿಂತ ಕೊರಳಿಗೆ ದಾರ ಹಾಕಿಕೊಂಡರೆ ಪೊಲೀಸರ ತಕರಾರು ಕಡಿಮೆ. ಜೆರುಸಲೇಂ ಘೋಷಣೆಯ 6ರಿಂದ 10ರವರೆಗಿನ ಅಂಶಗಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ಲ್ಯಾಮಿನೇಟ್ ಮಾಡಿ, ಪ್ರತಿ ಫಲಕದ ಹಿಂಬದಿಗೆ ಅಂಟಿಸಿ. ಪ್ರಶ್ನೆ ಕೇಳಲು ಬಂದವರಿಗೆ ಫಲಕ ತಿರುಗಿಸಿ ಓದಲು ಕೊಡಬಹುದು.