ಫುಲ್, ಡಿಫರೆನ್ಷಿಯಲ್, ಲಾಗ್: ನಮ್ಮ ಅಡಿಕೆ ವಖಾರಿಗೆ ಹೊಂದಿದ ಬ್ಯಾಕಪ್ ಯಾವುದು?

ತಪ್ಪು ನನ್ನದೇ. ಶಿರಸಿಯ ಒಂದು ಅಡಿಕೆ ವಖಾರಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಫೆಬ್ರವರಿಯ ಒಂದು ಮಧ್ಯಾಹ್ನ, ಹಂಗಾಮು ಜೋರಾಗಿದ್ದ ಹೊತ್ತಲ್ಲಿ, ಒಂದು ಲಾಟಿನ ದರ ತಿದ್ದಬೇಕಿತ್ತು. ಅಪ್‌ಡೇಟ್ ಸಾಲು ಬರೆದೆ, ಮೌಸಿನಲ್ಲಿ ಎಳೆದು ಆರಿಸಿಕೊಂಡೆ, ಓಡಿಸಲು ಎಫ್5 ಒತ್ತಿದೆ. ಯಾವ ಲಾಟಿಗೆ ಎಂದು ಹೇಳುವ 'ವೇರ್' ಇದ್ದ ಕೊನೆಯ ಸಾಲು ಆಯ್ಕೆಯೊಳಗೆ ಬಂದಿರಲೇ ಇಲ್ಲ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂಬ ಭೇದವಿಲ್ಲದೆ ಎಲ್ಲ ಲಾಟಿಗೂ, ಮೂರು ವರ್ಷ ಹಿಂದಿನದಕ್ಕೂ, ಒಂದೇ ದರ ಕೂತುಬಿಟ್ಟಿತು. ಗಡಿಯಾರ ನೋಡಿದೆ, 3:40.

ಕೈಯಲ್ಲಿದ್ದದ್ದು ಹಿಂದಿನ ರಾತ್ರಿಯ ಫುಲ್ ಬ್ಯಾಕಪ್, ಎಂದರೆ ಇಡೀ ಡೇಟಾಬೇಸಿನ ಪ್ರತಿ, ಅದೊಂದೇ. ಅದನ್ನು ಬೇರೆ ಹೆಸರಲ್ಲಿ ರಿಸ್ಟೋರ್ ಮಾಡಿ ಹಳೆಯ ದರಗಳನ್ನೆಲ್ಲ ವಾಪಸ್ ತಂದೆ. ಬೆಳಗ್ಗಿನಿಂದ ಬರೆದ ಲಾಟುಗಳು ಮಾತ್ರ ಅದರಲ್ಲಿ ಎಲ್ಲಿಂದ ಬರಬೇಕು? ಯಜಮಾನರು ಕನ್ನಡಕ ಹಣೆಗೇರಿಸಿ, "ತಮಾ, ನಿನ್ನೆದು ಬಂದ್ರೆ ಎಂತ ಆತು? ಇವತ್ತಿಂದು ಬೇಕಲ!" ಅಂದರು. ಗುಮಾಸ್ತರು ಟೆಂಡರ್ ಚೀಟಿ ಓದಿದರು, ನಾನು ಟೈಪ್ ಮಾಡಿದೆ. ಮುಗಿಯುವಾಗ ರಾತ್ರಿ ಒಂಬತ್ತು.

ಅದಾದ ಮೇಲೆ ಒಂದು ವರ್ಷ ಬೇರೆ ಬೇರೆ ವಿಧಾನ ಹಾಕಿ ನೋಡಿದೆ. ನಮ್ಮದು ಎಸ್‌ಕ್ಯುಎಲ್ ಸರ್ವರ್ 2019, ಲೆಕ್ಕವೆಲ್ಲ ಇರುವ ಡೇಟಾಬೇಸ್ ನಡೆಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರು, ಅದರಲ್ಲೂ ಬಿಟ್ಟಿ ಸಿಗುವ ಎಕ್ಸ್‌ಪ್ರೆಸ್ ಆವೃತ್ತಿ. ಒಂದು ಡೇಟಾಬೇಸಿಗೆ 10 ಜಿಬಿ ಮಿತಿ, ನಮ್ಮದು ಈಗ ಆರೂವರೆ ಜಿಬಿ. ಈ ಆವೃತ್ತಿಯಲ್ಲಿ ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸುವ ಏಜೆಂಟ್ ಇಲ್ಲ, ಹಾಗಾಗಿ ಬ್ಯಾಕಪ್ಪಿನ ವೇಳೆ ಹೊಂದಿಸಲು ವಿಂಡೋಸಿನ ಟಾಸ್ಕ್ ಶೆಡ್ಯೂಲರೇ ಗತಿ. ಬ್ಯಾಕಪ್ ತೆಗೆಯುವಾಗಲೇ ಕುಗ್ಗಿಸುವ ಸೌಲಭ್ಯವೂ ಇಲ್ಲ. ತೆಗೆದ ಮೇಲೆ ಬೇರೆಯಾಗಿ ಜಿಪ್ ಮಾಡಬೇಕು.

ಮೊದಲು ಫುಲ್. ಇದರ ದೊಡ್ಡ ಗುಣ ಎಂದರೆ ತಲೆಬಿಸಿ ಇಲ್ಲ. ಒಂದು ಫೈಲು, ಅದನ್ನು ಹಾಕಿದರೆ ಆಯಿತು. ನಾನು ಊರಲ್ಲಿ ಇಲ್ಲದಿದ್ದರೂ ಫೋನಿನಲ್ಲಿ ಹೇಳಿ ಗುಮಾಸ್ತರ ಕೈಯಲ್ಲೇ ರಿಸ್ಟೋರ್ ಮಾಡಿಸಬಹುದು. ನಮ್ಮ ಎಸ್‌ಎಸ್‌ಡಿಯಲ್ಲಿ ನಾಲ್ಕೈದು ನಿಮಿಷದ ಕೆಲಸ, ಜಿಪ್ ಮಾಡಿದರೆ 900 ಎಂಬಿ ಆಸುಪಾಸು. ಮೊದಲು ರಾತ್ರಿ 11ಕ್ಕೆ ಇಟ್ಟಿದ್ದೆ. ಜೂನ್ ಬಂತು ನೋಡಿ, ವಾರಕ್ಕೆ ಮೂರು ರಾತ್ರಿ ಕರೆಂಟಿಲ್ಲ, ಯುಪಿಎಸ್ 20 ನಿಮಿಷ ಎಳೆಯುವುದೇ ಹೆಚ್ಚು. ಈ ಬ್ಯಾಕಪ್ ನಡೆಯುವಾಗ ಯಾರೂ ಕೆಲಸ ನಿಲ್ಲಿಸಬೇಕಾಗಿಲ್ಲ, ಪಟ್ಟಿ ಬರೆಯುತ್ತ ಇರಬಹುದು. ಅದು ನೆನಪಾದದ್ದೇ ಸಂಜೆ 6:45ಕ್ಕೆ ತಂದಿಟ್ಟೆ. ಅಂಗಡಿಯಲ್ಲಿ ಜನರಿರುವಾಗಲೇ ಮುಗಿಯುತ್ತದೆ, ಮುಗಿಯದಿದ್ದರೆ ಕಣ್ಣಿಗೂ ಬೀಳುತ್ತದೆ. ಕೊರತೆ ಏನೆಂಬುದನ್ನು ಯಜಮಾನರು ಆಗಲೇ ಹೇಳಿದ್ದಾರೆ.

ಎರಡನೆಯದು ಡಿಫರೆನ್ಷಿಯಲ್. ಭಾನುವಾರ ಒಂದು ಫುಲ್, ಉಳಿದ ದಿನ ಆ ಫುಲ್ಲಿನಿಂದ ಈಚೆಗೆ ಬದಲಾದಷ್ಟು ಮಾತ್ರ. ಕೇಳಲು ಚಂದ. ಶುರುವಿನಲ್ಲಿ ಚಂದವೇ ಇತ್ತು: ಸೋಮವಾರ 250 ಎಂಬಿ, ಶನಿವಾರದ ಹೊತ್ತಿಗೆ ಒಂದೂಕಾಲು ಜಿಬಿ. ಅದು ದಿನದಿನದ ಬದಲಾವಣೆಯಲ್ಲ, ಫುಲ್ಲಿನಿಂದ ಈಚೆಯದೆಲ್ಲ ಸೇರಿದ್ದು, ಆದ್ದರಿಂದ ವಾರವಿಡೀ ಊದುತ್ತ ಹೋಗುತ್ತದೆ. ರಿಸ್ಟೋರಿಗೆ ಎರಡೇ ಫೈಲು ಸಾಕು: ಭಾನುವಾರದ ಫುಲ್ ಮತ್ತು ಕೊನೆಯ ಡಿಫರೆನ್ಷಿಯಲ್. ನಡುವಿನವು ಬೇಡ.

ಆದರೆ ಸರ್ವರ್ ಬದಲಾವಣೆಯನ್ನು ಗುರುತಿಟ್ಟುಕೊಳ್ಳುವುದು ಸಾಲು ಸಾಲಾಗಿ ಅಲ್ಲ, 64 ಕೆಬಿಯ ಕಂತೆ ಕಂತೆಯಾಗಿ. ಕಂತೆಯೊಳಗೆ ಒಂದು ಅಂಕಿ ಬದಲಾದರೂ ಇಡೀ ಕಂತೆ ಬ್ಯಾಕಪ್ಪಿಗೆ ಬರುತ್ತದೆ. ಮಾರ್ಚ್ 31ರಂದು ಎಲ್ಲ ರೈತರ ಖಾತೆಗೂ ಬಡ್ಡಿ ಹಾಕಿ ಬಾಕಿ ಮುಂದಕ್ಕೆ ಒಯ್ದೆವು. ಆ ರಾತ್ರಿಯ ಡಿಫರೆನ್ಷಿಯಲ್ ಫುಲ್ಲಿನ ಹತ್ತಿರ ಹತ್ತಿರ ಬಂದು ನಿಂತಿತು. ಹುಡುಕಾಟ ಚುರುಕಾಗಲು ಇರುವ ಇಂಡೆಕ್ಸ್ ಪೂರ್ತಿ ಹೊಸದಾಗಿ ಕಟ್ಟಿದ ರಾತ್ರಿಯೂ ಇದೇ ಪಾಡು.

ಅದೂ ಸಹಿಸಬಹುದಿತ್ತು. ನನ್ನ ನಿದ್ದೆ ಕೆಡಿಸಿದ್ದು ಒಂದು ಪೆನ್‌ಡ್ರೈವ್. ಒಂದು ಬುಧವಾರ ಸಾಫ್ಟ್‌ವೇರ್ ಮಾರಿದ ಕಡೆಯ ಹುಡುಗ ಏನೋ ವರದಿ ಸರಿಮಾಡಲು ಬಂದಿದ್ದ. ಪಾಪ, ಒಳ್ಳೆಯ ಅಭ್ಯಾಸದವನು, ಕೈಹಾಕುವ ಮೊದಲು ತನ್ನ ಪೆನ್‌ಡ್ರೈವಿಗೆ ಒಂದು ಫುಲ್ ಬ್ಯಾಕಪ್ ತೆಗೆದುಕೊಂಡ. ಕೆಲಸ ಮುಗಿಸಿದ, ಚಾ ಕುಡಿದ, ಪೆನ್‌ಡ್ರೈವ್ ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದ. ಶುಕ್ರವಾರ ನಾನು ಹಳೆಯ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಗೆಂದು ಭಾನುವಾರದ ಫುಲ್ ಹಾಕಿ, ಗುರುವಾರದ ಡಿಫರೆನ್ಷಿಯಲ್ ಹಾಕಲು ಹೋದರೆ 3136 ಎಂಬ ದೋಷ. ಡೇಟಾಬೇಸ್ ಸರಿಯಾದ ಹಿಂದಿನ ಸ್ಥಿತಿಯಲ್ಲಿಲ್ಲವಂತೆ. ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಡಿಫರೆನ್ಷಿಯಲ್‌ಗೆ ತಳಹದಿ ತೀರಾ ಇತ್ತೀಚಿನ ಫುಲ್. ಬುಧವಾರದಿಂದ ಈಚೆಗೆ ನಮ್ಮ ತಳಹದಿ ಆ ಹುಡುಗನ ಕಿಸೆಯಲ್ಲಿತ್ತು! ಅಂಥ ಹೊತ್ತಿನಲ್ಲಿ 'ಕಾಪಿ ಓನ್ಲಿ' ಎಂಬ ಆಯ್ಕೆ ಕೊಟ್ಟು ತೆಗೆದರೆ ತಳಹದಿ ಬದಲಾಗುವುದಿಲ್ಲ. ಇದು ಎಷ್ಟು ಜನಕ್ಕೆ ನೆನಪಿರುತ್ತದೆ? ನನಗೇ ಇರಲಿಲ್ಲ.

ಹಾಗೆಂದು ಡಿಫರೆನ್ಷಿಯಲ್ ಕೆಲಸಕ್ಕೆ ಬಾರದ್ದೇನಲ್ಲ. ಕುಮಟೆಯ ಒಂದು ಲ್ಯಾಬಿನವರು ಸ್ಕ್ಯಾನ್ ಚಿತ್ರಗಳನ್ನೂ ಡೇಟಾಬೇಸಿನೊಳಗೇ ತುಂಬಿದ್ದಾರೆ, ಒಟ್ಟು 180 ಜಿಬಿ. ಹಳೆಯ ಚಿತ್ರ ಯಾರೂ ಮುಟ್ಟುವುದಿಲ್ಲ, ದಿನಕ್ಕೆ ಸೇರುವುದು ಒಂದರ್ಧ ಜಿಬಿ. ಅಲ್ಲಿ ದಿನಾ ಫುಲ್ ಎನ್ನುವವನು ಡಿಸ್ಕ್ ಮಾರುವವನೇ ಇರಬೇಕು. ನಮ್ಮ ಆರೂವರೆ ಜಿಬಿಗೆ ಮಾತ್ರ ಇದು ಉಳಿಸುವುದು ಮೂರು ನಿಮಿಷ, ಬದಲಿಗೆ ಕೊಡುವುದು ಒಂದು ಕೊಂಡಿ ಜಾಸ್ತಿ.

ಮೂರನೆಯದು ಲಾಗ್. ಯಜಮಾನರಿಗೆ ಇದನ್ನು ವಿವರಿಸುವುದು ಅತಿ ಸುಲಭವಾಯಿತು. ಡೇಟಾ ಎಂದರೆ ಖತಾವಣಿ, ಲಾಗ್ ಎಂದರೆ ಕೀರ್ದಿ. ಖತಾವಣಿ ಸುಟ್ಟುಹೋದರೂ ಹಳೆಯ ಶಿಲ್ಕು ಗೊತ್ತಿದ್ದು ಕೀರ್ದಿ ಉಳಿದಿದ್ದರೆ, ಒಂದೊಂದೇ ನಮೂದನ್ನು ಕ್ರಮವಾಗಿ ಎತ್ತಿ ಬರೆದು ಬೇಕಾದ ಗಳಿಗೆಗೆ ಬಂದು ನಿಲ್ಲಬಹುದು. 'ಸ್ಟಾಪ್‌ಆಟ್' ಎಂದು 3:39 ಕೊಟ್ಟರೆ ನನ್ನ ಪೆದ್ದುತನಕ್ಕೆ ಒಂದು ನಿಮಿಷ ಮೊದಲು ನಿಲ್ಲುತ್ತದೆ. ಹದಿನೈದು ನಿಮಿಷಕ್ಕೊಂದು ಲಾಗ್ ಇಟ್ಟೆ. ಒಂದೊಂದೂ ಎರಡು ಎಂಬಿಯಿಂದ ಹತ್ತು ಎಂಬಿ, ಅಷ್ಟೇ.

ಸುಮ್ಮನೆ ಸಿಗುವುದಲ್ಲ ಇದು. ಎಕ್ಸ್‌ಪ್ರೆಸ್ಸಿನಲ್ಲಿ ಹೊಸ ಡೇಟಾಬೇಸ್ 'ಸಿಂಪಲ್' ಎಂಬ ರಿಕವರಿ ಮಾದರಿಯಲ್ಲಿ ಹುಟ್ಟುತ್ತದೆ, ಅದರಲ್ಲಿ ಲಾಗ್ ಬ್ಯಾಕಪ್ ಆಗುವುದೇ ಇಲ್ಲ. 'ಫುಲ್' ಮಾದರಿಗೆ ಬದಲಿಸಬೇಕು. ಬದಲಿಸಿದರೂ ಆಮೇಲೊಂದು ಫುಲ್ ಬ್ಯಾಕಪ್ ತೆಗೆಯುವವರೆಗೆ ಲಾಗುಗಳ ಸರಪಳಿ ಶುರುವಾಗುವುದಿಲ್ಲ. (ಮಾದರಿಗೂ ಫುಲ್, ಬ್ಯಾಕಪ್ಪಿಗೂ ಫುಲ್. ಹೆಸರಿಟ್ಟವರಿಗೆ ನಮಸ್ಕಾರ.) ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ನಲವತ್ತು ಫೈಲು. ನಡುವೆ ಒಂದು ಕಳೆದರೆ ಅಲ್ಲಿಗೇ ನಿಂತಿತು, ಮುಂದಿನವು ಇದ್ದೂ ಇಲ್ಲದಂತೆ. ನಲವತ್ತನ್ನು ಕೈಯಲ್ಲಿ ಹಾಕಲು ಹೊರಟರೆ ಹುಚ್ಚು ಹಿಡಿಯುತ್ತದೆ, ಅದಕ್ಕೊಂದು ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಕೊನೆಯದನ್ನು ಬಿಟ್ಟು ಉಳಿದೆಲ್ಲಕ್ಕೂ ಇನ್ನೂ ಫೈಲು ಬರಲಿದೆ, ಈಗಲೇ ತೆರೆಯಬೇಡ ಎನ್ನುವ 'ನೋರಿಕವರಿ' ಇರಲೇಬೇಕು, ಮರೆತು ಡೇಟಾಬೇಸ್ ತೆರೆದುಕೊಂಡರೆ ಮತ್ತೆ ಫುಲ್ಲಿನಿಂದ ಆರಂಭ.

ಇನ್ನೊಂದು ಪೆಟ್ಟೂ ತಿಂದೆ. ವಿಂಡೋಸ್ ಪಾಸ್‌ವರ್ಡ್ ಬದಲಿಸಿದೆ, ಶೆಡ್ಯೂಲರಿನಲ್ಲಿ ಹಳೆಯದೇ ಉಳಿಯಿತು. ಹದಿನೆಂಟು ದಿನ ಒಂದೂ ಬ್ಯಾಕಪ್ ಆಗಿಲ್ಲ. ಲಾಗ್ ಬ್ಯಾಕಪ್ ಆಗದೆ ಲಾಗ್ ಫೈಲು ಖಾಲಿಯಾಗದು, ಬೆಳೆಯುತ್ತಲೇ ಹೋಯಿತು. ಆ 10 ಜಿಬಿ ಮಿತಿ ಲಾಗಿಗೆ ಅನ್ವಯಿಸುವುದಿಲ್ಲ. ಕೊನೆಗೆ ಡಿಸ್ಕ್ ತುಂಬಿ, 9002 ಎಂಬ ದೋಷ ಬಂದು, ಪಟ್ಟಿ ಬರೆಯುವುದೇ ನಿಂತಿತು. ಈಗ ಬ್ಯಾಕಪ್ ತಪ್ಪಿದರೆ ನನ್ನ ಮೊಬೈಲಿಗೆ ಮೆಸೇಜ್ ಬರುವಂತೆ ಮಾಡಿದ್ದೇನೆ.

ಡೇಟಾಬೇಸ್ ಫೈಲನ್ನೇ ಕಾಪಿ ಮಾಡಿಕೊಂಡರಾಗದೇ ಎಂದು ಗುಮಾಸ್ತರು ಕೇಳಿದ್ದರು. ಸರ್ವರ್ ನಡೆಯುತ್ತಿರುವಾಗ ಫೈಲು ಅದರ ಮುಷ್ಟಿಯಲ್ಲಿರುತ್ತದೆ, ಕಾಪಿ ಆಗುವುದಿಲ್ಲ. ಸರ್ವೀಸ್ ನಿಲ್ಲಿಸಿ ಮಾಡಬಹುದು. ದಿನಾ ನಿಲ್ಲಿಸುವವರಾರು?

ಇಡುವ ಜಾಗದ ಮಾತು. ಒಂದು ಹಾರ್ಡ್‌ಡಿಸ್ಕ್ ವಾರಕ್ಕೊಮ್ಮೆ ಕಾರವಾರದ ನಮ್ಮ ಭಾವನ ಮನೆಗೆ ಹೋಗುವ ಏರ್ಪಾಡಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ 66 ದಿನಗಟ್ಟಲೆ ಬಂದ್. ಆಗ ಡಿಸ್ಕಿನ ಯೋಚನೆ ಯಾರಿಗಿತ್ತು? ಆಗಸ್ಟಿನಲ್ಲಿ ಭಾವನಿಗೆ ಫೋನ್ ಹಚ್ಚಿ ಕೇಳಿದರೆ, ಅಲ್ಲಿದ್ದದ್ದು ಜೂನ್ ಕೊನೆಯ ವಾರದ ಪ್ರತಿ. ಈಗ ಪಾಸ್‌ವರ್ಡ್ ಹಾಕಿದ ಜಿಪ್ ಕ್ಲೌಡಿಗೂ ಹೋಗುತ್ತದೆ, ರೈತರ ಬ್ಯಾಂಕ್ ಖಾತೆ ನಂಬರ್ ಅದರೊಳಗಿವೆಯಲ್ಲ. ಇಲ್ಲೂ ಲಾಗಿನದೇ ಮೇಲುಗೈ. ಮಳೆಗಾಲದಲ್ಲಿ ನೆಟ್ ಹತ್ತು ನಿಮಿಷ ಬಂದರೂ ಐದಾರು ಲಾಗ್ ದಾಟಿಬಿಡುತ್ತವೆ. 900 ಎಂಬಿಯ ಫುಲ್ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಹೊರಡುತ್ತದೆ.

ಹೀಗಾಗಿ ನಮ್ಮ ವಖಾರಿಗೆ ನಾನು ಉಳಿಸಿಕೊಂಡದ್ದು ದಿನಾ ಸಂಜೆ ಫುಲ್, ಹದಿನೈದು ನಿಮಿಷಕ್ಕೊಂದು ಲಾಗ್. ನಡುವಿನ ಡಿಫರೆನ್ಷಿಯಲ್ ತೆಗೆದುಹಾಕಿದೆ. ಯಾರಾದರೂ ಕೇಳಿಕೊಂಡು ಬಂದರೆ ಮೊದಲು ಎರಡೇ ವಿಷಯ ವಿಚಾರಿಸುತ್ತೇನೆ: ಎಷ್ಟು ಹೊತ್ತಿನ ಬರವಣಿಗೆ ಕೈಯಲ್ಲಿ ಮತ್ತೆ ಹೊಡೆಯಲು ತಯಾರಿದ್ದೀರಿ, ರಿಸ್ಟೋರ್ ಮಾಡುವವರು ಯಾರು. ನಿಮ್ಮಲ್ಲಿ ದಿನಕ್ಕೆ ಇಪ್ಪತ್ತು ಬಿಲ್ಲು ಮಾತ್ರ ಆಗುವುದಾದರೆ ಫುಲ್ ಒಂದೇ ಸಾಕು, ಲಾಗಿನ ಉಸಾಬರಿ ಬೇಡ.

'ವೆರಿಫೈ ಓನ್ಲಿ' ಓಡಿಸಿ ಸರಿಯಿದೆ ಎಂದು ನಂಬುವವರಿದ್ದಾರೆ. ಫೈಲು ಓದಲು ಬರುತ್ತದೆ ಎಂದು ಅದು ಹೇಳುತ್ತದೆ, ಒಳಗಿನ ಲೆಕ್ಕದ ಬಗ್ಗೆ ಏನೂ ಹೇಳುವುದಿಲ್ಲ. ನಾನು ತಿಂಗಳಿಗೊಮ್ಮೆ ಹಳೆಯ ಲ್ಯಾಪ್‌ಟಾಪಿನಲ್ಲಿ ಹಿಂದಿನ ಸಂಜೆಯ ಫುಲ್ಲೂ ಆ ದಿನದ ಲಾಗುಗಳೂ ಹಾಕಿ ಪೂರ್ತಿ ಎಬ್ಬಿಸುತ್ತೇನೆ. ಕಳೆದ ಸಲ ಹದಿನೇಳು ನಿಮಿಷ ಹಿಡಿಯಿತು. ಗುಮಾಸ್ತರು ಅಂಗಡಿಯ ಕಂಪ್ಯೂಟರಿನಿಂದ ಒಂದು ಖಾತೆಯ ಬಾಕಿ ಕೂಗಿದರು, ನಾನು ಲ್ಯಾಪ್‌ಟಾಪಿನಿಂದ ಓದಿದೆ. 340 ರೂಪಾಯಿ ವ್ಯತ್ಯಾಸ. ಎದೆ ಧಸಕ್ಕೆಂದಿತು. ನೋಡಿದರೆ ಅವರು ಐದು ನಿಮಿಷದ ಹಿಂದಷ್ಟೇ ಆ ರೈತನ ಹಮಾಲಿ ಬರೆದಿದ್ದರು.