ಅದೇ ಶುಗರ್ ಮಾತ್ರೆ, ಮೂರು ದೇಶದ ವ್ಯವಸ್ಥೆ

ಮಂಡ್ಯ, ಇಂಗ್ಲೆಂಡಿನ ಲೀಡ್ಸ್, ಜರ್ಮನಿಯ ಮ್ಯೂನಿಕ್. ಕೆಲಸದ ಮೇಲೆ ಎಲ್ಲಿದ್ದರೂ ನಾನು ನುಂಗಿದ್ದು ಅದೇ ಮೆಟ್‌ಫಾರ್ಮಿನ್. ಡಾಕ್ಟರನ್ನು ಕಾಣುವುದು ಮಂಡ್ಯದಷ್ಟು ಸಲೀಸು ಇನ್ನೆಲ್ಲೂ ಇಲ್ಲ. ಆದರೆ ಸಕ್ಕರೆ ಕಾಯಿಲೆಯನ್ನು ವರ್ಷಗಟ್ಟಲೆ ಹದ್ದುಬಸ್ತಿನಲ್ಲಿಡಲು ನನ್ನ ಓಟು ಇಂಗ್ಲೆಂಡಿಗೆ.

ಅಲ್ಲಿಯ ಕಷ್ಟ ಮೊದಲು ಹೇಳುತ್ತೇನೆ. ಜ್ವರ ಬಂದರೆ ಬೆಳಗ್ಗೆ 8ಕ್ಕೆ ಫೋನ್ ಹಿಡಿದು ಕೂರಬೇಕಿತ್ತು, ಲೈನ್ ಸಿಗುವಷ್ಟರಲ್ಲಿ ಆ ದಿನದ ಅಪಾಯಿಂಟ್‌ಮೆಂಟ್ ಮುಗಿದಿರುತ್ತಿತ್ತು. ವೀಸಾ ಜೊತೆಗೇ ಆರೋಗ್ಯ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ, 2024ರಿಂದ ದೊಡ್ಡವರಿಗೆ ಅದು ವರ್ಷಕ್ಕೆ 1,035 ಪೌಂಡ್. ಆದರೆ ಒಮ್ಮೆ ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಮಧುಮೇಹಿಗಳ ಪಟ್ಟಿಗೆ ಹೆಸರು ಸೇರಿತೆಂದರೆ ಅವರೇ ಕರೆಯುತ್ತಾರೆ. ಕಣ್ಣಿನ ರೆಟಿನಾ ಫೋಟೋಕ್ಕೆ ಬನ್ನಿ ಎಂದು ಮನೆಗೇ ಕಾಗದ. ನರ್ಸಮ್ಮ ಬೂಟು, ಕಾಲುಚೀಲ ಬಿಚ್ಚಿಸಿ, ಕಣ್ಣು ಮುಚ್ಚಿಸಿ, ತೆಳು ನೈಲಾನ್ ಎಳೆಯನ್ನು ಬೆರಳಿಂದ ಬೆರಳಿಗೆ ಒತ್ತುತ್ತಾ "ಈಗ ಗೊತ್ತಾಯ್ತಾ?" ಎಂದು ಕೇಳುತ್ತಿದ್ದರು. ಸ್ಪರ್ಶ ಹೋಗಿದ್ದರೆ ಗಾಯವಾದದ್ದೂ ತಿಳಿಯದು, ಕಾಲು ಕಳೆದುಕೊಳ್ಳುವುದು ಶುರುವಾಗುವುದೇ ಹಾಗೆ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ವಿನಾಯಿತಿ ಪತ್ರ ಮಾಡಿಸಿಕೊಂಡರೆ ಚೀಟಿಯಲ್ಲಿ ಬರೆದ ಎಲ್ಲ ಮಾತ್ರೆಯೂ ಉಚಿತ.

ಜರ್ಮನಿಯದು ವಿಮೆಯ ದಾರಿ, 1883ರಲ್ಲಿ ಚಾನ್ಸೆಲರ್ ಬಿಸ್ಮಾರ್ಕ್ ಕಾಲದಲ್ಲಿ ಶುರುವಾದದ್ದು. ಕಂತು ಸಂಬಳದ ಶೇಕಡಾ 14.6, ಮೇಲೊಂದಿಷ್ಟು. ಅರ್ಧ ಕಂಪನಿಯದು. ದುಡಿಮೆಯಿಲ್ಲದ ಹೆಂಡತಿ, ಮಕ್ಕಳು ಅದೇ ಕಂತಿನಲ್ಲಿ ಸೇರುತ್ತಾರೆ. ಮಾತ್ರೆಯ ಒಂದು ಪ್ಯಾಕಿಗೆ ಸಾಮಾನ್ಯವಾಗಿ 5ರಿಂದ 10 ಯೂರೋ ಕೈಯಿಂದ. ಮಧುಮೇಹಿಗಳ ಕಾರ್ಯಕ್ರಮಕ್ಕೆ ಸೇರಿಕೊಂಡಿದ್ದರಿಂದ ತಪಾಸಣೆ ತಪ್ಪುತ್ತಿರಲಿಲ್ಲ. ಭಾಷೆ ಬಾರದವರಿಗೆ ಕಾಗದಪತ್ರದ ಕಾಟ ಮಾತ್ರ ಜಾಸ್ತಿ.

ಇನ್ನು ನಮ್ಮೂರು. ಸಂಜೆ ವಿ.ವಿ. ರೋಡಿನ ಕಡೆ ಹೋಗಿ ಟೋಕನ್ ತಗೊಂಡರೆ ರಾತ್ರಿ ಊಟದೊಳಗೆ ಡಾಕ್ಟರನ್ನು ಕಂಡು ಬರಬಹುದು. ರಕ್ತದ ರಿಪೋರ್ಟ್ ವಾಟ್ಸಾಪಿಗೇ ಬರುತ್ತೆ. ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಹೋದರೆ ಖರ್ಚು ಕಮ್ಮಿ, ಬೆಳಗ್ಗೆಯೇ ಹೋಗಿ ಕ್ಯೂ ನಿಲ್ಲಬೇಕು ಅಷ್ಟೆ. ಆದರೆ ನಾನು ತೋರಿಸುವ ಖಾಸಗಿ ಕ್ಲಿನಿಕ್ಕಿನಲ್ಲಿ ಇವತ್ತಿನವರೆಗೆ ಒಬ್ಬರೂ ಚಪ್ಪಲಿ ಬಿಚ್ಚಿ ಅಂದಿಲ್ಲ. ಆರು ತಿಂಗಳು ಹೋಗದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುವವರಿಲ್ಲ. ಆಯುಷ್ಮಾನ್ ಕಾರ್ಡು ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ, ಅದು ದೊಡ್ಡ ಆಸರೆಯೇ. ಆದರೆ ಮೆಡಿಕಲ್ ಸ್ಟೋರಿನ ತಿಂಗಳ ಬಿಲ್ಲು ಅದರಲ್ಲಿ ಬರಲ್ಲ. ದುಡ್ಡಿಲ್ಲದ ತಿಂಗಳು ಮಾತ್ರೆ ಬಿಟ್ಟವರು ಆಮೇಲೆ ಕಾಲಿಗೆ ಗಾಯ ಮಾಡಿಕೊಂಡು ಅದೇ ಕಾರ್ಡು ಹಿಡಿದು ದಾಖಲಾಗುವುದು ನೋಡಿದರೆ ಸಂಕಟವಾಗುತ್ತದೆ.

ಮನೆಮನೆಗೆ ಬಂದು ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆಯನ್ನು ಸರ್ಕಾರ 2024ರಲ್ಲಿ ಕೋಲಾರದಿಂದ ಶುರುಮಾಡಿತು. ಆಶಾ ಕಾರ್ಯಕರ್ತೆಯರು ಬಾಗಿಲಿಗೆ ಬಂದಾಗ "ನಮಗೇನಿಲ್ಲ" ಅಂತ ಕಳಿಸಬೇಡಿ. ಹೆಸರು ಬರೆಸಿ, ಹಾಗೇ ಪಾದವನ್ನೂ ನೋಡಿ ಅಂತ ಕೇಳಿ.