ದುಬೈಗೋ ಸಿಂಗಪುರಕ್ಕೋ? ಶಿವಮೊಗ್ಗದಿಂದ ಹೊರಟವರಿಗೆ

ಎರಡೂ ಕಡೆಯಿಂದ ಆಫರ್ ಬಂದರೆ ನಮ್ಮ ಶಿವಮೊಗ್ಗದ ಕಡೆ ಮನೆಯವರು ಮೊದಲು ಕೇಳುವುದು ಸಂಬಳ. ಕೇಳಬೇಕಾದ್ದು ಬಾಡಿಗೆ.

ದುಬೈನಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಕೇಳಲು ಚಂದ, ಅಲ್ವಾ? ಆದರೆ ಬಾಡಿಗೆಗೆ ವರ್ಷದ ಲೆಕ್ಕ. ಮುಂದಿನ ತಾರೀಖು ಹಾಕಿದ ಚೆಕ್‌ಗಳನ್ನು ಮೊದಲೇ ಕೊಡುವುದು ಅಲ್ಲಿನ ರೂಢಿ: ಒಂದು, ಎರಡು, ನಾಲ್ಕು. ಚೆಕ್ ಕಡಿಮೆಯಾದಷ್ಟೂ ಚೌಕಾಸಿಗೆ ಜಾಗ ಜಾಸ್ತಿ. ಫರ್ನಿಚರ್ ಇಲ್ಲದ ಮನೆಗೆ ಸಾಮಾನ್ಯವಾಗಿ ವರ್ಷದ ಬಾಡಿಗೆಯ ಶೇ. 5 ಡಿಪಾಸಿಟ್, ಮೇಲೆ ಬ್ರೋಕರ್ ಕಮಿಷನ್. ಮುಗೀತು ಅಂದುಕೊಳ್ಳಬೇಡಿ. ಇನ್ನೊಂದು ಶೇ. 5 ‘ಹೌಸಿಂಗ್ ಫೀ’ ಅಂತ ಕರೆಂಟು, ನೀರಿನ ಬಿಲ್ಲಿನಲ್ಲೇ ತಿಂಗಳು ತಿಂಗಳು ಸೇರಿ ಬರುತ್ತದೆ. ಬೇಸಿಗೆಯ ಎಸಿ ಖರ್ಚು ಬೇರೆ. ಆಗುಂಬೆ ಮಳೆಯಲ್ಲಿ ಫ್ಯಾನೂ ಹಾಕದವರಿಗೆ ಆ ಬಿಲ್ ಕಂಡರೆ ಬೆವರು.

ಸಿಂಗಪುರದಲ್ಲಿ ತೆರಿಗೆ ಇದೆ. ಆದರೆ ತೆರಿಗೆ ಲೆಕ್ಕಕ್ಕೆ ಅಲ್ಲಿನ ನಿವಾಸಿಯಾದರೆ ವರ್ಷದ ಮೊದಲ 20,000 ಸಿಂಗಪುರ ಡಾಲರ್‌ಗೆ ಏನೂ ಇಲ್ಲ. ಬಾಡಿಗೆ ತಿಂಗಳಿಗೊಮ್ಮೆ. ಒಂದು ವರ್ಷದ ಕರಾರಿಗೆ ಸಾಮಾನ್ಯವಾಗಿ ಒಂದು ತಿಂಗಳ ಡಿಪಾಸಿಟ್. ಮನೆ ಚಿಕ್ಕದು, ಬಾಡಿಗೆ ದೊಡ್ಡದು. ಹಾಗಾಗಿ ಒಂಟಿಯವರು ಬರೀ ರೂಮ್ ಹಿಡಿಯುತ್ತಾರೆ. ಕಾರಿನ ಆಸೆ ಬಿಡಿ. ಕಾರು ಇಟ್ಟುಕೊಳ್ಳಲು 10 ವರ್ಷದ ಪರವಾನಗಿಯನ್ನೇ ಹರಾಜಿನಲ್ಲಿ ಕೊಳ್ಳಬೇಕು. ಸುಮ್ನೆ ಅಲ್ಲಿನ ಮೆಟ್ರೊ ರೈಲು ಎಂಆರ್‌ಟಿ ಹತ್ತಿ.

ಸಾಮಾನಿನ ಮೇಲಿನ ತೆರಿಗೆ ದುಬೈನಲ್ಲಿ ಶೇ. 5, ಸಿಂಗಪುರದಲ್ಲಿ ಶೇ. 9.

ಕೈಯಲ್ಲಿ ದುಡ್ಡಿಲ್ಲದೆ ಒಬ್ಬರೇ ಹೊರಟಿದ್ದರೆ ನನ್ನ ಓಟು ಸಿಂಗಪುರಕ್ಕೆ. ಹೆಂಡತಿ ಮಕ್ಕಳ ಸಮೇತ ಆದರೆ ದುಬೈ, ಅದೂ ಸ್ಕೂಲ್ ಫೀಸು ಕಂಪನಿಯದೇ ಅಂತ ಆಫರ್ ಲೆಟರ್‌ನಲ್ಲಿ ಬರೆಸಿಕೊಂಡ ಮೇಲೆ.